ಕೀನ್ಯಾದ ನಗರಗಳ ಜನಸಂಖ್ಯೆ: ಒಂದೇ ಊರಿಗೆ ಇಷ್ಟೊಂದು ಅಂಕಿಗಳೇಕೆ?

ಪ್ರಶ್ನೆ
ಬರೆದವರು: ಸಮಾಜವಿಜ್ಞಾನ ಶಿಕ್ಷಕಿ, ಸಾಗರ

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯ ಮಕ್ಕಳಿಗೆ ಆಫ್ರಿಕಾದ ದೇಶಗಳನ್ನು ಪರಿಚಯಿಸುವ ಕನ್ನಡ ಕೈಪಿಡಿಯೊಂದನ್ನು ನಾವು ಮೂವರು ಶಿಕ್ಷಕರು ಸೇರಿ ಸಿದ್ಧಪಡಿಸುತ್ತಿದ್ದೇವೆ. ಪೂರ್ವ ಆಫ್ರಿಕಾ ನನ್ನ ಪಾಲಿಗೆ ಬಂದಿದೆ. ಕೀನ್ಯಾದ ಅಧ್ಯಾಯದ ಕೊನೆಯಲ್ಲಿ ಆ ದೇಶದ ಹತ್ತು ದೊಡ್ಡ ಊರುಗಳನ್ನೂ ಅವುಗಳ ಜನಸಂಖ್ಯೆಯನ್ನೂ ಒಂದು ಕೋಷ್ಟಕದಲ್ಲಿ ಕೊಡೋಣವೆಂದು ಹೊರಟೆ. ಒಂದು ಸಂಜೆಗೆ ಮುಗಿದೀತೆಂದುಕೊಂಡಿದ್ದ ಆ ಕೆಲಸ ಎರಡು ವಾರವಾದರೂ ಮುಗಿದಿಲ್ಲ, ಏಕೆಂದರೆ ಯಾವ ಎರಡು ಪಟ್ಟಿಗಳೂ ಒಂದಕ್ಕೊಂದು ಹೊಂದುತ್ತಿಲ್ಲ.

ನೈರೋಬಿಗೆ ಒಂದು ಕಡೆ ಸುಮಾರು 27 ಲಕ್ಷವೆಂದಿದೆ, ಇನ್ನೊಂದು ಕಡೆ 31 ಲಕ್ಷ, ಮತ್ತೊಂದು ಕಡೆ 44 ಲಕ್ಷ, ಮಗದೊಂದು ಕಡೆ 50 ಲಕ್ಷಕ್ಕೂ ಹೆಚ್ಚು. ರಾಜಧಾನಿಯ ವಿಷಯ ಹೀಗಾದರೆ ಸಣ್ಣ ಊರುಗಳದು ಇನ್ನೂ ವಿಚಿತ್ರವಾಗಿದೆ. ಕೆಹಾಂಚಾ ಎಂಬ ಊರು ಒಂದು ಪಟ್ಟಿಯಲ್ಲಿ 2,56,086 ಜನರೊಂದಿಗೆ ದೇಶದ ಆರನೆಯ ದೊಡ್ಡ ಪಟ್ಟಣವಾಗಿದೆ. ಇನ್ನೊಂದು ಪಟ್ಟಿಯ ಮೊದಲ ಇಪ್ಪತ್ತರಲ್ಲಿಯೂ ಅದರ ಹೆಸರಿಲ್ಲ. ಕರಾವಳಿಯ ಮಾಲಿಂಡಿಯಲ್ಲಿ 2009ರಲ್ಲಿ 2,07,253 ಜನರಿದ್ದರು, 2019ರಲ್ಲಿ 1,19,859 ಜನರಿದ್ದಾರೆ ಎಂದು ಓದಿದಾಗ, ಹತ್ತು ವರ್ಷಗಳಲ್ಲಿ ಅಷ್ಟು ಜನ ಊರು ಬಿಡುವಂಥ ಅನಾಹುತವೇನಾದರೂ ನಡೆಯಿತೇ ಎಂದು ಗಾಬರಿಯಿಂದ ಹುಡುಕಿದೆ. ಅಂಥದ್ದೇನೂ ಕಾಣಲಿಲ್ಲ. ನಾನು ಎಂದೂ ಕೇಳಿರದ ರುಯಿರು ಎಂಬ ಊರು ಹೊಸ ಪಟ್ಟಿಯಲ್ಲಿ ಕಿಸುಮುವನ್ನೂ ಹಿಂದೆ ಹಾಕಿ ನಾಲ್ಕನೆಯ ಸ್ಥಾನದಲ್ಲಿ ಕುಳಿತಿದೆ.

ತಪ್ಪು ಅಂಕಿಯನ್ನು ಅಚ್ಚು ಹಾಕಿಸಿ ಮಕ್ಕಳ ಕೈಗೆ ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಇವುಗಳಲ್ಲಿ ಯಾವುದನ್ನು ನಂಬಬೇಕು, ಉಳಿದವು ಏಕೆ ಹಾಗಿವೆ ಎಂಬುದನ್ನು ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ. ಕೀನ್ಯಾದಲ್ಲಿ ಅಧಿಕೃತವಾಗಿ ‘ನಗರ’ ಎನಿಸಿಕೊಂಡಿರುವ ಊರುಗಳು ಎಷ್ಟು ಎಂಬುದನ್ನೂ ತಿಳಿಸಿ.


ಉತ್ತರ 1
ಬರೆದವರು: ನಿವೃತ್ತ ಸಂಖ್ಯಾಶಾಸ್ತ್ರ ಅಧ್ಯಾಪಕ, ಧಾರವಾಡ

ಮೇಡಂ, ನೀವು ನೋಡಿದ ಅಂಕಿಗಳಲ್ಲಿ ಹೆಚ್ಚಿನವು ಸುಳ್ಳಲ್ಲ. ಅವು ಬೇರೆ ಬೇರೆ ಪ್ರಶ್ನೆಗಳಿಗೆ ಸಿಕ್ಕ ಉತ್ತರಗಳು. ಪಟ್ಟಿ ಮಾಡಿದವರು ಉತ್ತರವನ್ನು ಉಳಿಸಿಕೊಂಡು ಪ್ರಶ್ನೆಯನ್ನು ಕೈಬಿಟ್ಟಿದ್ದಾರೆ. ಒಂದು ಊರಿನ ಜನಸಂಖ್ಯೆ ಇಷ್ಟು ಎನ್ನುವ ಮೊದಲು ಎರಡು ಸಂಗತಿಗಳು ತಿಳಿದಿರಬೇಕು: ಎಣಿಸಿದ್ದು ಯಾವ ವರ್ಷ ಮತ್ತು ಊರಿನ ಗಡಿ ಎಂದು ಹಿಡಿದದ್ದು ಯಾವುದನ್ನು. ಕೀನ್ಯಾದ ಮಟ್ಟಿಗೆ ಎರಡನೆಯದೇ ಹೆಚ್ಚು ತೊಡಕಿನದು.

2009ರ ಜನಗಣತಿ ನಡೆದಾಗ ಅಲ್ಲಿ ಪುರಸಭೆ, ಪಟ್ಟಣಸಭೆಗಳೆಂಬ ಹಳೆಯ ಸ್ಥಳೀಯ ಸಂಸ್ಥೆಗಳು ಇದ್ದವು. ಆ ವರ್ಷದ ಪಟ್ಟಣಗಳ ಪಟ್ಟಿಯನ್ನು ತಯಾರಿಸಿದ್ದು ಆ ಸಂಸ್ಥೆಗಳ ಎಲ್ಲೆಯ ಪ್ರಕಾರ. ಆದರೆ ಹಲವು ಪುರಸಭೆಗಳ ಎಲ್ಲೆಯೊಳಗೆ ಪೇಟೆಯ ಜೊತೆಗೆ ಸುತ್ತಲಿನ ಹತ್ತಾರು ಹಳ್ಳಿಗಳೂ ಹೊಲಗದ್ದೆಗಳೂ ಸೇರಿಕೊಂಡಿದ್ದವು. ನಿಮ್ಮ ಕೆಹಾಂಚಾ ಇದಕ್ಕೆ ಅತಿ ಒಳ್ಳೆಯ ಉದಾಹರಣೆ. ಟಾಂಜಾನಿಯಾದ ಗಡಿಗೆ ಹತ್ತಿರ, ಮಿಗೊರಿ ಕೌಂಟಿಯಲ್ಲಿರುವ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಅದು ಒಂದು ಸಣ್ಣ ಪೇಟೆ. ಅದರ ಪುರಸಭೆಯ ಎಲ್ಲೆ ಮಾತ್ರ ಬಹಳ ವಿಶಾಲವಾಗಿತ್ತು. ಹಾಗಾಗಿ ಜೋಳ ಬೆಳೆಯುವ ರೈತ ಕುಟುಂಬಗಳೆಲ್ಲ ‘ಪಟ್ಟಣವಾಸಿ’ಗಳ ಲೆಕ್ಕಕ್ಕೆ ಬಂದು ಎರಡೂವರೆ ಲಕ್ಷ ದಾಟಿತು. ಮಚಾಕೋಸ್ ಕೌಂಟಿಯ ಕಂಗುಂಡೊ–ತಾಲಾ ಎಂಬ ಜೋಡಿ ಪೇಟೆಗಳಿಗೆ 2,18,557 ಎಂಬ ಅಂಕಿ ಬಂದದ್ದೂ ಹೀಗೆಯೇ.

2010ರಲ್ಲಿ ಕೀನ್ಯಾ ಹೊಸ ಸಂವಿಧಾನವನ್ನು ಅಂಗೀಕರಿಸಿತು. ಅದರಂತೆ 2013ರ ಚುನಾವಣೆಯ ನಂತರ 47 ಕೌಂಟಿ ಸರ್ಕಾರಗಳು ಅಸ್ತಿತ್ವಕ್ಕೆ ಬಂದವು, ಹಳೆಯ ಸ್ಥಳೀಯ ಸಂಸ್ಥೆಗಳು ರದ್ದಾದವು. 2019ರ ಜನಗಣತಿಯ ಹೊತ್ತಿಗೆ ಆ ಹಳೆಯ ಎಲ್ಲೆಗಳಿಗೆ ಅರ್ಥವೇ ಉಳಿದಿರಲಿಲ್ಲ. ಹೀಗಾಗಿ ಈ ಸಲ ಒತ್ತಾಗಿ ಕಟ್ಟಡಗಳಿರುವ, ಕನಿಷ್ಠ 2,000 ಜನ ನೆಲೆಸಿರುವ ಪ್ರದೇಶವನ್ನು ಪಟ್ಟಣವೆಂದು ಗುರುತಿಸಿ ಪಟ್ಟಿ ಮಾಡಿದರು. ಕೆಹಾಂಚಾ ಮೇಲಿನ ಸಾಲುಗಳಿಂದ ಮರೆಯಾಯಿತು. ಮಾಲಿಂಡಿ ಅರ್ಧದಷ್ಟು ಕುಗ್ಗಿದಂತೆ ಕಂಡಿತು. ಮಚಾಕೋಸ್ ಪಟ್ಟಣ 2009ರಲ್ಲಿ 1,50,041 ಇದ್ದದ್ದು 2019ರಲ್ಲಿ 63,767ಕ್ಕೆ ಇಳಿಯಿತು. ಕಿಸುಮು ಕೂಡ 4,09,928ರಿಂದ 3,97,957ಕ್ಕೆ ಬಂದಿತು. ಆ ಊರುಗಳಿಂದ ಯಾರೂ ಗುಳೆ ಹೋಗಲಿಲ್ಲ. ಗೆರೆ ಒಳಕ್ಕೆ ಸರಿಯಿತು, ಅಷ್ಟೇ. ಮಾಲಿಂಡಿಯ ಬಗ್ಗೆ ನೀವು ಗಾಬರಿಪಟ್ಟದ್ದು ಸಹಜವೇ. ಆದರೆ ಈ ಎರಡು ಗಣತಿಗಳ ಪಟ್ಟಣವಾರು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಬೆಳವಣಿಗೆಯ ದರ ಲೆಕ್ಕ ಹಾಕುವಂತಿಲ್ಲ.

ಇದರ ಪರಿಣಾಮ ಇಡೀ ದೇಶದ ಲೆಕ್ಕದ ಮೇಲೂ ಆಗಿದೆ. 2009ರಲ್ಲಿ ಕೀನ್ಯಾದ ಒಟ್ಟು 3,86,10,097 ಜನರಲ್ಲಿ 1,24,87,375 ಮಂದಿ, ಅಂದರೆ ಶೇ. 32.3ರಷ್ಟು, ಪಟ್ಟಣವಾಸಿಗಳೆಂದು ದಾಖಲಾದರು. 2019ರಲ್ಲಿ ಒಟ್ಟು 4,75,64,296 ಜನರಲ್ಲಿ ಪಟ್ಟಣವಾಸಿಗಳು 1,48,31,700, ಅಂದರೆ ಶೇ. 31.2. ಊರುಗಳು ಕಣ್ಣೆದುರಿಗೇ ಬೆಳೆಯುತ್ತಿರುವ ದೇಶದಲ್ಲಿ ಪಟ್ಟಣವಾಸಿಗಳ ಪಾಲು ಇಳಿಯಿತೆಂದು ಇದನ್ನು ಓದಿಕೊಂಡರೆ ದೊಡ್ಡ ತಪ್ಪಾಗುತ್ತದೆ.

ಇನ್ನೊಂದು ಹೊಂಡದ ಬಗ್ಗೆಯೂ ಎಚ್ಚರಿಸಬೇಕು. ನೈರೋಬಿ ಮತ್ತು ಮೊಂಬಾಸಾಗಳಲ್ಲಿ ಕೌಂಟಿಯೂ ನಗರವೂ ಒಂದೇ. ಬೇರೆ ಕಡೆ ಹಾಗಿಲ್ಲ. ನಕುರು ಕೌಂಟಿಯ ಜನಸಂಖ್ಯೆ 21,62,202. ನಕುರು ನಗರದ್ದು 5,70,674. ಕಿಸುಮು ಕೌಂಟಿಯದು 11,55,574. ನಗರದ್ದು ಅದರ ಮೂರನೆಯ ಒಂದು ಪಾಲು. ಹೆಸರು ಒಂದೇ ಆಗಿರುವುದರಿಂದ ಕೌಂಟಿಯ ಅಂಕಿಯನ್ನು ನಗರದ ತಲೆಗೆ ಕಟ್ಟಿ, ನಕುರುವನ್ನು ಮೊಂಬಾಸಾಕ್ಕಿಂತ ದೊಡ್ಡ ನಗರ ಮಾಡಿರುವ ಪಟ್ಟಿಯನ್ನೂ ನಾನು ನೋಡಿದ್ದೇನೆ.

ನೈರೋಬಿಗೆ ಸಿಕ್ಕ ನಾಲ್ಕು ಅಂಕಿಗಳಲ್ಲಿ 31 ಲಕ್ಷವೆಂಬುದು 2009ರ ಗಣತಿಯದು (31,38,369), 44 ಲಕ್ಷವೆಂಬುದು 2019ರ ಗಣತಿಯದು (43,97,073). 27 ಲಕ್ಷವೆಂಬುದು 2009ಕ್ಕಿಂತ ಹಿಂದಿನ ಅಂದಾಜು. ಅದು ಒಂದು ಜಾಲತಾಣದಿಂದ ಇನ್ನೊಂದಕ್ಕೆ ನಕಲಾಗುತ್ತಲೇ ಇದೆ. 50 ಲಕ್ಷಕ್ಕೆ ಮೇಲ್ಪಟ್ಟವು ಮುಂದಿನ ವರ್ಷಗಳ ಅಂದಾಜುಗಳು. ಯಾರೂ ಮನೆಮನೆಗೆ ಹೋಗಿ ಎಣಿಸಿ ತಂದವಲ್ಲ. ನಿಮ್ಮ ಕೋಷ್ಟಕದಲ್ಲಿ 2019ರ ಗಣತಿಯ ಅಂಕಿಗಳನ್ನು ಮಾತ್ರ ಹಾಕಿ, ವರ್ಷವನ್ನು ತಲೆಬರಹದಲ್ಲಿಯೇ ಬರೆಯಿರಿ.


ಉತ್ತರ 2
ಬರೆದವರು: ನೈರೋಬಿಯಲ್ಲಿರುವ ಕನ್ನಡಿಗ

ಔಷಧ ತಯಾರಿಕೆಯ ಕೆಲಸದ ಮೇಲೆ ಬಂದು ಈ ಊರಿನಲ್ಲಿ ಹನ್ನೊಂದು ವರ್ಷಗಳಿಂದ ಇದ್ದೇನೆ. ಅಧ್ಯಾಪಕರು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಆದರೆ 2019ರ ಪಟ್ಟಿಯನ್ನು ಹಾಗೆಯೇ ಇಳಿಸಿಕೊಂಡರೂ ಮಕ್ಕಳಿಗೆ ನೈರೋಬಿಯ ನಿಜವಾದ ಗಾತ್ರ ತಿಳಿಯುವುದಿಲ್ಲ ಎಂಬುದನ್ನು ಸೇರಿಸಬೇಕಾಗಿದೆ.

ಶಿಕ್ಷಕಿಯವರು ರುಯಿರು ಎಂಬ ಹೆಸರನ್ನು ಕೇಳಿಯೇ ಇರಲಿಲ್ಲ ಎಂದಿದ್ದಾರೆ. ಅದರಲ್ಲಿ ಆಶ್ಚರ್ಯವಿಲ್ಲ, ಏಕೆಂದರೆ ಪ್ರವಾಸಿಗರಿಗೆ ರುಯಿರುವಿನಲ್ಲಿ ನೋಡುವಂಥದ್ದು ಹೆಚ್ಚಿಲ್ಲ. ಅದು ಮಲಗಲು ಮನೆಗೆ ಬರುವವರ ಊರು. ನೈರೋಬಿಯ ಈಶಾನ್ಯಕ್ಕೆ, ಕಿಯಾಂಬು ಕೌಂಟಿಯಲ್ಲಿರುವ ಆ ಪ್ರದೇಶ ಒಂದು ಕಾಲದಲ್ಲಿ ಕಾಫಿ ತೋಟಗಳಿಂದ ತುಂಬಿತ್ತು. 2012ರಲ್ಲಿ ನೈರೋಬಿಯಿಂದ ಥಿಕಾಕ್ಕೆ ಎಂಟು ಪಥಗಳ ಹೆದ್ದಾರಿ ಪೂರ್ಣಗೊಂಡ ಮೇಲೆ ತೋಟಗಳು ನಿವೇಶನಗಳಾದವು, ನಿವೇಶನಗಳು ನಾಲ್ಕೈದು ಅಂತಸ್ತಿನ ಬಾಡಿಗೆ ಮನೆಗಳಾದವು. 2009ರಲ್ಲಿ 2,38,858 ಇದ್ದ ರುಯಿರು 2019ರಲ್ಲಿ 4,90,120ಕ್ಕೆ ಏರಿತು. ಗೆರೆ ಸರಿದದ್ದೇ ಇದಕ್ಕೆ ಕಾರಣವೆಂದು ನಾನು ಒಪ್ಪಲಾರೆ. ಆ ಕಟ್ಟಡಗಳು ಏಳುವುದನ್ನು ಕಣ್ಣಾರೆ ಕಂಡಿದ್ದೇನೆ. ಬೆಳಗಿನ ಐದು ಗಂಟೆಗೇ ಅಲ್ಲಿನ ನಿಲ್ದಾಣಗಳಲ್ಲಿ ಜನ ಮಟಾಟುಗಳಿಗಾಗಿ, ಅಂದರೆ ಇಲ್ಲಿನ ಖಾಸಗಿ ವ್ಯಾನು ಮತ್ತು ಮಿನಿಬಸ್ಸುಗಳಿಗಾಗಿ, ಸಾಲುಗಟ್ಟಿರುತ್ತಾರೆ. ನನ್ನ ಸಹೋದ್ಯೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನೈರೋಬಿ ಕೌಂಟಿಯ ಒಳಗೆ ವಾಸಿಸುವುದೇ ಇಲ್ಲ.

2019ರ ಪಟ್ಟಿಯ ಮೊದಲ ಹತ್ತು ಊರುಗಳನ್ನು ನೋಡಿ: ನೈರೋಬಿ, ಮೊಂಬಾಸಾ, ನಕುರು, ರುಯಿರು, ಎಲ್ಡೊರೆಟ್, ಕಿಸುಮು, ಕಿಕುಯು, ಥಿಕಾ, ನೈವಾಶಾ, ಕರುರಿ. ಇವುಗಳಲ್ಲಿ ರುಯಿರು, ಕಿಕುಯು, ಥಿಕಾ, ಕರುರಿ ನಾಲ್ಕೂ ಕಿಯಾಂಬು ಕೌಂಟಿಯವು, ನಾಲ್ಕೂ ನೈರೋಬಿಯ ನೆರಳಿನಲ್ಲಿ ಬೆಳೆದವು. ಇವುಗಳ ಜೊತೆಗೆ ಅದೇ ಕೌಂಟಿಯ ಜುಜಾ ಮತ್ತು ಕಿಯಾಂಬು ಪಟ್ಟಣ, ದಕ್ಷಿಣ ಮತ್ತು ಪಶ್ಚಿಮದ ಕಜಿಯಾಡೊ ಕೌಂಟಿಯ ಒಂಗಾಟಾ ರೊಂಗಾಯ್, ಕಿಟೆಂಗೆಲಾ, ನ್ಗೊಂಗ್, ಪೂರ್ವದ ಮಚಾಕೋಸ್ ಕೌಂಟಿಯ ಮ್ಲೊಲೊಂಗೊ, ಹೀಗೆ ಹತ್ತು ಊರುಗಳನ್ನು ನಾನು ಕೂಡಿಸಿ ನೋಡಿದೆ. ಒಟ್ಟು 21 ಲಕ್ಷ ಮೀರುತ್ತದೆ. ನೈರೋಬಿಯ 44 ಲಕ್ಷಕ್ಕೆ ಇದನ್ನು ಸೇರಿಸಿದರೆ ಸುಮಾರು 65 ಲಕ್ಷ. ಈ ಊರುಗಳ ನಡುವೆ ಮನೆಗಳ ಸಾಲು ಎಷ್ಟೋ ಕಡೆ ಕಡಿಯುವುದೇ ಇಲ್ಲ. ಎಲ್ಲಿ ನೈರೋಬಿ ಮುಗಿಯಿತು, ಎಲ್ಲಿ ರೊಂಗಾಯ್ ಆರಂಭವಾಯಿತು ಎಂಬುದು ಮಟಾಟುವಿನಲ್ಲಿ ಕುಳಿತವರಿಗೆ ತಿಳಿಯುವುದಿಲ್ಲ.

2009ರಿಂದ 2019ರ ನಡುವೆ ನೈರೋಬಿ ಶೇ. 40ರಷ್ಟು ಬೆಳೆಯಿತು, ಕಿಯಾಂಬು ಕೌಂಟಿ ಶೇ. 49ರಷ್ಟು, ಕಜಿಯಾಡೊ ಶೇ. 62ಕ್ಕೂ ಹೆಚ್ಚು. ಕೌಂಟಿಗಳ ಈ ಹೋಲಿಕೆಗೆ ಅಧ್ಯಾಪಕರು ಹೇಳಿದ ಪಟ್ಟಣದೆಲ್ಲೆಗಳ ತೊಡಕಿಲ್ಲ. ಬಾಡಿಗೆ ಕಟ್ಟಲಾರದವರು ಮತ್ತು ಸ್ವಂತದ್ದೊಂದು ತುಂಡು ನೆಲ ಬೇಕೆನ್ನುವವರು ಗಡಿಯಾಚೆಗೆ ಹೋಗುತ್ತಿದ್ದಾರೆ. ನಗರದ ಭಾರ ಹೊರುತ್ತಿರುವ ಆ ಊರುಗಳಲ್ಲಿ ಕುಡಿಯುವ ನೀರಿಗೆ ಇಂದಿಗೂ ಕೊಳವೆಬಾವಿ ಮತ್ತು ಟ್ಯಾಂಕರುಗಳನ್ನು ನೆಚ್ಚಿಕೊಂಡಿರುವ ಬೀದಿಗಳು ಎಷ್ಟೋ ಇವೆ. ಜನಸಂಖ್ಯೆಯ ಕೋಷ್ಟಕವನ್ನು ನೋಡುವಾಗಲೆಲ್ಲ ನನಗೆ ಮೊದಲು ಹೊಳೆಯುವುದು ಈ ನೀರಿನ ಚಿಂತೆಯೇ.

ನೈರೋಬಿಯ ಒಳಗೂ ಜನ ಸಮನಾಗಿ ಹಂಚಿಕೊಂಡಿಲ್ಲ. ಕೌಂಟಿಯ ಹನ್ನೊಂದು ಉಪಕೌಂಟಿಗಳಲ್ಲಿ ಪೂರ್ವದ ಎಂಬಕಾಸಿಯೊಂದರಲ್ಲೇ 9,88,808 ಜನರಿದ್ದರು. ಅದು ನಕುರು ನಗರಕ್ಕಿಂತ ದೊಡ್ಡದು. ಸುಮಾರು 3 ಚದರ ಕಿಲೋಮೀಟರಿನ ಮಥಾರೆಯಲ್ಲಿ 2,06,564 ಜನ, ಅಂದರೆ ಚದರ ಕಿಲೋಮೀಟರಿಗೆ 69 ಸಾವಿರದಷ್ಟು. ಲಂಗಾಟಾದಲ್ಲಿ ಅದೇ ಲೆಕ್ಕ ಸುಮಾರು 911 ಮಾತ್ರ, ಏಕೆಂದರೆ ಸಿಂಹ, ಘೇಂಡಾಮೃಗಗಳಿರುವ ನೈರೋಬಿ ರಾಷ್ಟ್ರೀಯ ಉದ್ಯಾನದ 117 ಚದರ ಕಿಲೋಮೀಟರು ಆ ಕಡೆಗೆ ಬರುತ್ತದೆ. ನಗರದ ಸರಾಸರಿ ಸಾಂದ್ರತೆ 6,247 ಎಂದು ಬರೆಯುವವರು ಆ ನಿರ್ಜನ ಹುಲ್ಲುಗಾವಲನ್ನೂ ಸೇರಿಸಿ ಭಾಗಿಸಿರುತ್ತಾರೆ.

ಕಿಬೇರಾದ ಬಗ್ಗೆ ಒಂದು ಮಾತು ಹೇಳಲೇಬೇಕು. ಹತ್ತು ಲಕ್ಷ ಜನರಿರುವ, ಆಫ್ರಿಕಾದ ಅತಿ ದೊಡ್ಡ ಕೊಳೆಗೇರಿ ಎಂಬ ವರ್ಣನೆ ಎಷ್ಟೋ ಕಡೆ ಅಚ್ಚಾಗಿದೆ. ನಿಮ್ಮ ಕೈಪಿಡಿಗೂ ಅದು ನುಸುಳಬಹುದು. 2009ರ ಗಣತಿಯಲ್ಲಿ ಅಲ್ಲಿ ಸಿಕ್ಕವರು 1,70,070 ಜನ. 2019ರಲ್ಲಿ ಕಿಬ್ರಾ ಉಪಕೌಂಟಿಯ ಒಟ್ಟು ಜನಸಂಖ್ಯೆಯೇ 1,85,777, ಅದರಲ್ಲಿ ಕೊಳೆಗೇರಿಯ ಹೊರಗಿನ ಬಡಾವಣೆಗಳೂ ಸೇರಿವೆ. ಗಣತಿಯಲ್ಲಿ ಕೆಲವರು ತಪ್ಪಿಹೋಗಿರಬಹುದೆಂದು ವಾದಕ್ಕೆ ಒಪ್ಪಿಕೊಂಡರೂ ಹತ್ತು ಲಕ್ಷವಂತೂ ಆಗುವುದಿಲ್ಲ. ಬ್ರಿಟಿಷರ ಸೈನ್ಯದಲ್ಲಿ ದುಡಿದ ನೂಬಿಯನ್ ಸೈನಿಕರು ನೂರು ವರ್ಷಗಳಿಗೂ ಹಿಂದೆ ನೆಲೆನಿಂತ ಜಾಗವದು. ಅವರ ಭಾಷೆಯಲ್ಲಿ ‘ಕಿಬ್ರಾ’ ಎಂದರೆ ಕಾಡು. ಅಲ್ಲಿನ ಕಷ್ಟವನ್ನು ತೋರಿಸಲು ಸಂಖ್ಯೆಯನ್ನು ಐದು ಪಟ್ಟು ಹಿಗ್ಗಿಸಬೇಕಾಗಿಲ್ಲ.

ಗಣತಿಯ ರಾತ್ರಿಯ ನೆನಪು ನನಗಿದೆ. 2019ರ ಆಗಸ್ಟ್ 24ರ ರಾತ್ರಿ ಯಾರು ಎಲ್ಲಿ ಮಲಗಿದ್ದರೋ ಅವರನ್ನು ಅಲ್ಲಿಯವರೆಂದು ಎಣಿಸುವುದು ಇಲ್ಲಿನ ಪದ್ಧತಿ. ಗಣತಿದಾರರು ಮೊದಲ ಬಾರಿಗೆ ಕಾಗದದ ಬದಲು ಟ್ಯಾಬ್ಲೆಟ್ ಹಿಡಿದು ಬಂದಿದ್ದರು. ನಮ್ಮ ಮನೆಗೆ ಬಂದ ಯುವತಿ, ಆ ರಾತ್ರಿ ಈ ಮನೆಯಲ್ಲಿ ಮಲಗಿದ್ದವರನ್ನು ಮಾತ್ರ ಹೇಳಿ ಎಂದು ಎರಡೆರಡು ಸಲ ಕೇಳಿ ಬರೆದುಕೊಂಡಳು. ಇಲ್ಲಿನವರಿಗೆ ನೈರೋಬಿ ದುಡಿಯುವ ಜಾಗ. ತಂದೆತಾಯಿಯ ಹಳ್ಳಿಯನ್ನು ‘ಉಷಾಗೊ’ ಎನ್ನುತ್ತಾರೆ, ನಿಮ್ಮ ಊರು ಯಾವುದೆಂದು ಕೇಳಿದರೆ ಆ ಹಳ್ಳಿಯ ಹೆಸರನ್ನೇ ಹೇಳುತ್ತಾರೆ. ಕೌಂಟಿಗಳಿಗೆ ಹಂಚುವ ಹಣದ ಲೆಕ್ಕದಲ್ಲಿ ಜನಸಂಖ್ಯೆಗೆ ತೂಕವಿರುವುದರಿಂದ, ಊರಿಗೆ ಬಂದು ಎಣಿಸಿಕೊಳ್ಳಿ ಎಂದು ರಾಜಕಾರಣಿಗಳು ಕರೆ ಕೊಟ್ಟದ್ದೂ ಉಂಟು.


ಉತ್ತರ 3
ಬರೆದವರು: ಇತಿಹಾಸ ಸಂಶೋಧನಾ ವಿದ್ಯಾರ್ಥಿ, ಮೈಸೂರು

ಹಿಂದೂ ಮಹಾಸಾಗರದ ಬಂದರುಗಳ ಕುರಿತು ಅಧ್ಯಯನ ಮಾಡುತ್ತಿರುವುದರಿಂದ ನೈರೋಬಿಗಿಂತ ಮೊಂಬಾಸಾದ ಪರಿಚಯ ನನಗೆ ಹೆಚ್ಚು. ಒಂದೆರಡು ಸಂಗತಿಗಳನ್ನು ಸೇರಿಸುತ್ತೇನೆ.

ಕೀನ್ಯಾದ ಊರುಗಳ ಪಟ್ಟಿಯಲ್ಲಿ ಮೊದಲ ಸಾಲಿನಲ್ಲಿರುವ ನೈರೋಬಿ ಕರಾವಳಿಯ ಊರುಗಳ ಮುಂದೆ ಬಹಳ ಕಿರಿಯ ಊರು. ಮೊಂಬಾಸಾ, ಮಾಲಿಂಡಿ, ಲಾಮುಗಳು ಪೋರ್ಚುಗೀಸರು ಬರುವ ಮೊದಲೇ ವ್ಯಾಪಾರದ ಪಟ್ಟಣಗಳಾಗಿದ್ದವು. 1498ರಲ್ಲಿ ವಾಸ್ಕೋ ಡ ಗಾಮಾ ಕಲ್ಲಿಕೋಟೆಗೆ ಹೊರಟದ್ದು ಮಾಲಿಂಡಿಯಿಂದ, ಅಲ್ಲಿ ಸಿಕ್ಕ ದಾರಿ ಬಲ್ಲ ನಾವಿಕನ ನೆರವಿನಿಂದ. ನೈರೋಬಿಯಾದರೋ 1899ರಲ್ಲಿ ಹುಟ್ಟಿದ್ದು. 1896ರಲ್ಲಿ ಮೊಂಬಾಸಾದಿಂದ ಆರಂಭವಾದ ಉಗಾಂಡಾ ರೈಲುಮಾರ್ಗದ ಕೆಲಸ ಘಟ್ಟವೇರುವ ಮುನ್ನ, ಸಾಮಾನು ಮತ್ತು ಕೆಲಸಗಾರರನ್ನು ಇಳಿಸಲು ಜವುಗು ಬಯಲೊಂದರಲ್ಲಿ ಹೂಡಿದ ಬಿಡಾರವದು. ಮಾಸಾಯಿಗಳು ಅಲ್ಲಿನ ನೀರಿನ ತಾಣವನ್ನು ‘ತಣ್ಣೀರು’ ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು, ಊರಿಗೂ ಅದೇ ಹೆಸರಾಯಿತು. ರೈಲುಮಾರ್ಗಕ್ಕಾಗಿ ಭಾರತದಿಂದ, ಹೆಚ್ಚಾಗಿ ಪಂಜಾಬಿನಿಂದ, ಸುಮಾರು 32,000 ಕೂಲಿಗಳನ್ನು ಕರೆತರಲಾಯಿತು. ಮಾರ್ಗ 1901ರಲ್ಲಿ ವಿಕ್ಟೋರಿಯಾ ಸರೋವರದ ದಡವನ್ನು ಮುಟ್ಟಿತು. ಮುಟ್ಟಿದ ಜಾಗವೇ ಇಂದಿನ ಕಿಸುಮು. ನಿಮ್ಮ ಪಟ್ಟಿಯ ನಕುರು, ನೈವಾಶಾಗಳೂ ಅದೇ ಹಳಿಯ ಮೇಲಿನ ನಿಲ್ದಾಣಗಳು. ಕೀನ್ಯಾದ ನಕ್ಷೆಯ ಮೇಲೆ ರೈಲುಮಾರ್ಗವನ್ನು ಮೊದಲು ಎಳೆದು ಆಮೇಲೆ ಊರುಗಳನ್ನು ಗುರುತಿಸಲು ಹೇಳಿದರೆ ಮಕ್ಕಳಿಗೆ ಈ ಕೋಷ್ಟಕ ತಾನಾಗಿಯೇ ನೆನಪಿನಲ್ಲಿ ಉಳಿಯುತ್ತದೆ.

ನೈರೋಬಿಯ ಅಂಕಿಗಳು ಹೀಗಿವೆ: 1948ರಲ್ಲಿ 1,18,976, 1962ರಲ್ಲಿ 2.67 ಲಕ್ಷದಷ್ಟು, 1969ರಲ್ಲಿ 5,09,286, 1979ರಲ್ಲಿ 8,27,775, 1989ರಲ್ಲಿ 13,24,570, 1999ರಲ್ಲಿ 21,43,254. ಮುಂದಿನ ಎರಡನ್ನು ಅಧ್ಯಾಪಕರು ಕೊಟ್ಟಿದ್ದಾರೆ. 1962 ಮತ್ತು 1969ರ ನಡುವಿನ ಜಿಗಿತವನ್ನು ನೋಡಿ. 1963ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಆಫ್ರಿಕನ್ನರು ನಗರದಲ್ಲಿ ನೆಲೆಸಲು ವಸಾಹತು ಸರ್ಕಾರ ಹೇರಿದ್ದ ನಿರ್ಬಂಧಗಳು ಹೋದವು, ಹಳ್ಳಿಗಳಿಂದ ಕುಟುಂಬಗಳು ಬಂದವು. ಅದು ನಿಜವಾದ ಬೆಳವಣಿಗೆ. ಅದರ ಜೊತೆಗೆ ಅದೇ ಕಾಲದಲ್ಲಿ ನಗರದ ಎಲ್ಲೆಯನ್ನೂ ಬಹಳ ಹಿಗ್ಗಿಸಲಾಯಿತು. ಗೆರೆ ಸರಿಯುವ ಕಥೆ 2019ರದ್ದಷ್ಟೇ ಅಲ್ಲ.

ವಸಾಹತು ಕಾಲದಲ್ಲಿ ನೈರೋಬಿ ದುಡಿಯಲು ಬಂದ ಒಂಟಿ ಗಂಡಸರ ಊರಾಗಿತ್ತು. ಹೆಂಡತಿ ಮಕ್ಕಳು ಹಳ್ಳಿಯಲ್ಲಿ ಇರುತ್ತಿದ್ದರು. 2019ರಲ್ಲಿ ಎಣಿಸಿದಾಗ ಅಲ್ಲಿ ಗಂಡಸರು 21,92,452, ಹೆಂಗಸರು 22,04,376. ಅಂತರಲಿಂಗಿಗಳನ್ನು, ಅಂದರೆ ಹುಟ್ಟಿನಿಂದಲೇ ಗಂಡು ಅಥವಾ ಹೆಣ್ಣು ಎಂದು ಖಚಿತವಾಗಿ ಹೇಳಲಾಗದ ದೇಹಲಕ್ಷಣವಿರುವವರನ್ನು, ಪ್ರತ್ಯೇಕವಾಗಿ ದಾಖಲಿಸಿದ ಆ ದೇಶದ ಮೊದಲ ಗಣತಿಯೂ ಅದೇ; ನೈರೋಬಿಯಲ್ಲಿ ಅವರ ಸಂಖ್ಯೆ 245.

ಮೊಂಬಾಸಾ ಎಂದರೆ ದ್ವೀಪ ಎಂದು ನಾವು ಓದಿಕೊಂಡಿದ್ದೇವೆ. 12,08,333 ಜನರ ಆ ನಗರದಲ್ಲಿ ದ್ವೀಪದ ಭಾಗವಾದ ಮ್ವಿಟಾದಲ್ಲಿ ಇರುವವರು 1,54,171 ಮಾತ್ರ, ಎಂಟರಲ್ಲಿ ಒಂದು ಪಾಲು. ಉಳಿದವರೆಲ್ಲ ಉತ್ತರ ದಡದ ಕಿಸೌನಿ, ನ್ಯಾಲಿಗಳಲ್ಲಿ, ಪಶ್ಚಿಮದ ಚಂಗಮ್ವೆ, ಜೊಮ್ವುಗಳಲ್ಲಿ, ದಕ್ಷಿಣದ ಲಿಕೋನಿಯಲ್ಲಿ ಇದ್ದಾರೆ. ಲಿಕೋನಿಯ ಎರಡೂವರೆ ಲಕ್ಷ ಜನ ದ್ವೀಪಕ್ಕೆ ಬರಲು ಇಂದಿಗೂ ಮುಖ್ಯವಾಗಿ ದೋಣಿಸೇವೆಯನ್ನೇ ನಂಬಿದ್ದಾರೆ.

ಅಧಿಕೃತ ‘ನಗರ’ಗಳ ಪ್ರಶ್ನೆಗೆ ಬರುತ್ತೇನೆ. ಈಗ ಐದು ಇವೆ: ನೈರೋಬಿ, ಮೊಂಬಾಸಾ, ಕಿಸುಮು, 2021ರ ಡಿಸೆಂಬರ್ 1ರಂದು ಆ ಸ್ಥಾನ ಪಡೆದ ನಕುರು, 2024ರ ಆಗಸ್ಟ್‌ನಲ್ಲಿ ಪಡೆದ ಎಲ್ಡೊರೆಟ್. 2011ರ ಕಾಯ್ದೆಯಲ್ಲಿ ನಗರವಾಗಲು ಕನಿಷ್ಠ 5 ಲಕ್ಷ ಜನರಿರಬೇಕೆಂದಿತ್ತು. 2019ರ ತಿದ್ದುಪಡಿ ಅದನ್ನು 2.5 ಲಕ್ಷಕ್ಕೆ ಇಳಿಸಿತು. 4,75,716 ಜನರಿದ್ದ ಎಲ್ಡೊರೆಟ್‌ಗೆ ದಾರಿ ತೆರೆದದ್ದು ಆ ತಿದ್ದುಪಡಿ. ಜನಸಂಖ್ಯೆಯಿಂದಷ್ಟೇ ನಗರದ ಸ್ಥಾನ ಸಿಗುವುದಿಲ್ಲ. ಯೋಜನೆ, ವರಮಾನ, ನಾಗರಿಕ ಸೌಲಭ್ಯಗಳನ್ನೂ ತೋರಿಸಬೇಕು. ಹೀಗಾಗಿ ಎಲ್ಡೊರೆಟ್‌ಗಿಂತ ಹೆಚ್ಚು ಜನರಿರುವ ರುಯಿರು ನಗರವಲ್ಲ.

ಉತ್ತರದ ಒಣನಾಡಿನ ಊರುಗಳನ್ನೂ ಮರೆಯಬೇಡಿ ಎಂದು ಕೇಳಿಕೊಳ್ಳುತ್ತೇನೆ. ಗರಿಸ್ಸಾದಲ್ಲಿ 1,63,399, ಮಂಡೇರಾದಲ್ಲಿ 1,14,718, ವಜೀರ್‌ನಲ್ಲಿ 90,116 ಜನರಿದ್ದರು. ಅಲ್ಲಿನ ಗಣತಿ ವಿವಾದಕ್ಕೂ ಸಿಲುಕಿದೆ: 2009ರ ಗಣತಿಯ ಫಲಿತಾಂಶವನ್ನು 2010ರಲ್ಲಿ ಪ್ರಕಟಿಸುವಾಗ ಉತ್ತರದ ಎಂಟು ಜಿಲ್ಲೆಗಳ ಅಂಕಿಗಳನ್ನು ನಂಬಲಾಗದಷ್ಟು ಹೆಚ್ಚಾಗಿವೆಯೆಂದು ಸರ್ಕಾರ ತಡೆಹಿಡಿಯಿತು, ವಿಷಯ ನ್ಯಾಯಾಲಯಕ್ಕೆ ಹೋಯಿತು. ಕೀನ್ಯಾ ಎಂದರೆ ನೈರೋಬಿಯೂ ಸಫಾರಿಯೂ ಮಾತ್ರ ಎಂದು ಮಕ್ಕಳು ತಿಳಿಯಬಾರದು.

ಅಂದಾಜುಗಳ ಬಗ್ಗೆ ಅಧ್ಯಾಪಕರೊಂದಿಗೆ ನನಗೆ ಸಣ್ಣ ಭಿನ್ನಾಭಿಪ್ರಾಯವಿದೆ. 2019ರ ಅಂಕಿಗಳು ಈಗಾಗಲೇ ಹಳೆಯವು, ಕೈಪಿಡಿ ಇನ್ನೂ ಕೆಲವು ವರ್ಷ ಬಳಕೆಯಲ್ಲಿರುತ್ತದೆ. ವಿಶ್ವಸಂಸ್ಥೆಯ ಅಂದಾಜನ್ನೂ ಒಂದು ಸಾಲಿನಲ್ಲಿ ಕೊಟ್ಟರೆ ತಪ್ಪೇನು?


ಉತ್ತರ 4
ಬರೆದವರು: ನಿವೃತ್ತ ಸಂಖ್ಯಾಶಾಸ್ತ್ರ ಅಧ್ಯಾಪಕ, ಧಾರವಾಡ

ತಪ್ಪಿಲ್ಲ. ಅಂದಾಜಿಗೆ ಅದರದೇ ಆದ ಉಪಯೋಗವಿದೆ. ನೀರು, ಶಾಲೆ, ಆಸ್ಪತ್ರೆಗಳ ಯೋಜನೆ ಮಾಡುವವರು ಅದಿಲ್ಲದೆ ಕೆಲಸ ಮಾಡಲಾರರು. ನನ್ನ ಆಕ್ಷೇಪವಿರುವುದು ಗಣತಿಯ ಅಂಕಿ ಮತ್ತು ಅಂದಾಜು ಎರಡೂ ಒಂದೇ ಕಂಬಸಾಲಿನಲ್ಲಿ ಬೆರೆಯುವುದಕ್ಕೆ. ವಿಶ್ವಸಂಸ್ಥೆಯ ಅಂದಾಜು ಯಾವ ಗಡಿಯನ್ನು ನೈರೋಬಿಯೆಂದು ಹಿಡಿದಿದೆ ಎಂಬುದನ್ನೂ ಹೇಳದಿದ್ದರೆ, ಶಿಕ್ಷಕಿಯವರು ಎರಡು ವಾರ ಪಟ್ಟ ಪಾಡನ್ನೇ ಮಕ್ಕಳೂ ಪಡುತ್ತಾರೆ. ಕೊಡುವುದಾದರೆ ಕೋಷ್ಟಕದ ಹೊರಗೆ, ಅಂದಾಜು ಎಂಬ ಮಾತಿನೊಂದಿಗೆ ಕೊಡಲಿ.

ನೈರೋಬಿಯ ಮಿತ್ರರು ಕೂಡಿಸಿ ಕೊಟ್ಟ 65 ಲಕ್ಷ ನನಗೆ ಬಹಳ ಹಿಡಿಸಿತು. ರುಯಿರುವಿನ ಬೆಳವಣಿಗೆ ನಿಜವಾದದ್ದೆಂಬ ಅವರ ಮಾತನ್ನೂ ಒಪ್ಪುತ್ತೇನೆ. ಹಳೆಯ ರುಯಿರು ಪುರಸಭೆಯ ಎಲ್ಲೆಯೊಳಗೆ ಹಳ್ಳಿಯ ಭಾಗ ಬಹಳ ಕಡಿಮೆಯಿತ್ತು. ಹಾಗಾಗಿ ಎರಡು ಗಣತಿಗಳನ್ನು ಹೋಲಿಸಬಹುದಾದ ಕೆಲವೇ ಪಟ್ಟಣಗಳಲ್ಲಿ ಅದೂ ಒಂದು. ನನ್ನ ಮೊದಲ ಉತ್ತರದಲ್ಲಿ ಈ ವಿನಾಯಿತಿಯನ್ನು ಹೇಳಬೇಕಿತ್ತು.


ಪ್ರಶ್ನೆ ಕೇಳಿದವರ ಮರುನುಡಿ
ಬರೆದವರು: ಸಮಾಜವಿಜ್ಞಾನ ಶಿಕ್ಷಕಿ, ಸಾಗರ

ಮೂವರಿಗೂ ಮನಃಪೂರ್ವಕ ವಂದನೆಗಳು. ಕೋಷ್ಟಕವನ್ನು ಹೊಸದಾಗಿ ಬರೆದಿದ್ದೇನೆ. ‘2019ರ ಜನಗಣತಿಯಂತೆ’ ಎಂಬುದನ್ನು ತಲೆಬರಹದಲ್ಲೇ ಹಾಕಿದ್ದೇನೆ. ನೈರೋಬಿ 43,97,073, ಮೊಂಬಾಸಾ 12,08,333, ನಕುರು 5,70,674, ರುಯಿರು 4,90,120, ಎಲ್ಡೊರೆಟ್ 4,75,716, ಕಿಸುಮು 3,97,957, ಕಿಕುಯು 3,23,881, ಥಿಕಾ 2,51,407, ನೈವಾಶಾ 1,98,444, ಕರುರಿ 1,94,342. ಹತ್ತರಲ್ಲಿ ಅಧಿಕೃತ ನಗರಗಳಾದ ಐದಕ್ಕೆ ನಕ್ಷತ್ರದ ಗುರುತು ಹಾಕಿದ್ದೇನೆ, ನೈರೋಬಿಯ ಸುತ್ತಲಿನ ನಾಲ್ಕು ಊರುಗಳನ್ನು ಬೇರೆ ಬಣ್ಣದಲ್ಲಿ ತೋರಿಸಿದ್ದೇನೆ. ಕೆಹಾಂಚಾವನ್ನು ಕೋಷ್ಟಕದಿಂದ ತೆಗೆದು, ಅದರ ಎರಡೂವರೆ ಲಕ್ಷದ ಕಥೆಯನ್ನು ಪಕ್ಕದ ಚೌಕಟ್ಟಿನಲ್ಲಿ ಚಟುವಟಿಕೆಯಾಗಿ ಕೊಟ್ಟಿದ್ದೇನೆ: ಒಂದು ಊರಿನ ನಕ್ಷೆ, ಅದರ ಸುತ್ತ ಎರಡು ಬೇರೆ ಬೇರೆ ಗೆರೆಗಳು, ಪ್ರತಿ ಗೆರೆಯೊಳಗಿನ ಮನೆಗಳನ್ನು ಮಕ್ಕಳೇ ಎಣಿಸಬೇಕು. ಗರಿಸ್ಸಾ, ಮಂಡೇರಾ, ವಜೀರ್‌ಗಳಿಗೆ ಕೋಷ್ಟಕದ ಕೆಳಗೆ ಒಂದು ಸಾಲು ಇದೆ. ನಕ್ಷೆಯ ಮೇಲೆ ರೈಲುಮಾರ್ಗವನ್ನು ಎಳೆಸುವ ಸಲಹೆಯನ್ನು ಹಾಗೆಯೇ ತೆಗೆದುಕೊಂಡಿದ್ದೇನೆ.

ನಿನ್ನೆ ಒಂಬತ್ತನೆಯ ತರಗತಿಯಲ್ಲಿ ಆ ಚಟುವಟಿಕೆಯನ್ನು ಮಾಡಿಸಿ ನೋಡಿದೆ. ದೊಡ್ಡ ಗೆರೆಯೊಳಗೆ ಬಿದ್ದ ರೈತರಿಗೆ ಪಟ್ಟಣದ ತೆರಿಗೆ ಬೀಳುತ್ತಿತ್ತೇ, ಪಟ್ಟಣದ ನೀರು ಸಿಗುತ್ತಿತ್ತೇ ಎಂದು ಒಬ್ಬ ಹುಡುಗಿ ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ನೈರೋಬಿಯ ಮಿತ್ರರಿಗೆ ಅಲ್ಲಿ ಯಾರನ್ನಾದರೂ ಕೇಳಿ ತಿಳಿಸಲು ಸಾಧ್ಯವೇ?


ಉತ್ತರ 5
ಬರೆದವರು: ನೈರೋಬಿಯಲ್ಲಿರುವ ಕನ್ನಡಿಗ

ಖಂಡಿತ ಕೇಳುತ್ತೇನೆ. ನಮ್ಮ ಉಗ್ರಾಣದ ಮೇಲ್ವಿಚಾರಕರು ಮಿಗೊರಿ ಕೌಂಟಿಯವರು, ಅವರ ಉಷಾಗೊ ಕೆಹಾಂಚಾದ ಹತ್ತಿರವೇ ಇದೆ. ಸೋಮವಾರ ಅವರನ್ನು ವಿಚಾರಿಸಿ, ಅವರು ಹೇಳಿದ್ದನ್ನು ಹಾಗೆಯೇ ಇಲ್ಲಿ ಬರೆಯುತ್ತೇನೆ. ಆ ಹುಡುಗಿಗೆ ತಿಳಿಸಿ.